ನಿಂತುಹೋದ ಹೃದಯದ ಪ್ರಯಾಣ: ಸಿಡ್ನಿ, 2014

2014ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಬಿಜಿಎಸ್ ಆಸ್ಪತ್ರೆಯಿಂದ ಒಂದು ಹೃದಯ ಹೊರಟಿತು. ಪೊಲೀಸರು ಸಿಗ್ನಲ್‌ಗಳನ್ನು ಹಿಡಿದು ನಿಂತು, ನಗರದ ಒಂದು ತುದಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ದಾರಿ ಬಿಡಿಸಿಕೊಟ್ಟರು. ಚೆನ್ನೈನಲ್ಲಿಯೂ ರಸ್ತೆ ತೆರವಾಯಿತು. ಫೋರ್ಟಿಸ್ ಮಲರ್ ಆಸ್ಪತ್ರೆಯಲ್ಲಿ ಆ ಹೃದಯ ಇನ್ನೊಬ್ಬರ ಎದೆಗೂಡು ಸೇರಿತು. ಅಲ್ಲಿಂದೀಚೆಗೆ ‘ಝೀರೋ ಟ್ರಾಫಿಕ್’ನಲ್ಲಿ ಹೃದಯ ಸಾಗಿಸಿದ ಸುದ್ದಿಯನ್ನು ನಾವು ಎಷ್ಟೋ ಸಲ ಓದಿದ್ದೇವೆ. ಆಂಬುಲೆನ್ಸ್ ಸದ್ದು ಕೇಳಿ ಬೈಕನ್ನು ಬದಿಗೆ ಸರಿಸಿ ನಿಂತವರಲ್ಲಿ ನಾನೂ ಒಬ್ಬ. ಆ ಹೊತ್ತಿನಲ್ಲಿ ಇಡೀ ರಸ್ತೆ ಒಂದೇ ಮನೆಯವರ ಹಾಗೆ ವರ್ತಿಸುವುದನ್ನು ನೋಡಿದರೆ ಕಣ್ಣು ತುಂಬಿಬರುತ್ತದೆ.

ಅಂದು ಬೆಂಗಳೂರು ಉಳಿಸಿಕೊಟ್ಟಿದ್ದು ದಾರಿಯ ಮೇಲಿನ ನಿಮಿಷಗಳನ್ನು. ಅದಕ್ಕೆ ಕೆಲವೇ ವಾರಗಳ ಹಿಂದೆ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇನ್ನೊಂದು ತಂಡ ಬೇರೆಯೇ ನಿಮಿಷಗಳ ಬೆನ್ನು ಹತ್ತಿತ್ತು. ಹೃದಯ ಪೆಟ್ಟಿಗೆಗೆ ಸೇರುವ ಮೊದಲೇ, ಆಂಬುಲೆನ್ಸಿನ ಬಾಗಿಲು ತೆರೆಯುವ ಮೊದಲೇ ಕಳೆದುಹೋಗುವ ನಿಮಿಷಗಳು ಅವು. ಅವರು ಸಾಗಿಸಬೇಕಾಗಿದ್ದದ್ದು ದಾನಿಯ ದೇಹದಲ್ಲಿಯೇ ಬಡಿತ ನಿಲ್ಲಿಸಿದ್ದ ಹೃದಯವನ್ನು. ಅಂಥ ಹೃದಯವನ್ನು ದೂರದ ಆಸ್ಪತ್ರೆಯಿಂದ ತಂದು ವಯಸ್ಕರಿಗೆ ಕಸಿ ಮಾಡುವುದು ಆಗದ ಮಾತೆಂದೇ ಅಲ್ಲಿಯವರೆಗೆ ಪರಿಗಣಿಸಲಾಗಿತ್ತು. ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ನಡೆದ ಆ ಮೊದಲ ಮೂರು ಕಸಿಗಳೇ ಈ ಬರಹದ ವಸ್ತು.

ಐಸ್ ಪೆಟ್ಟಿಗೆಗೆ ಗೊತ್ತಿಲ್ಲದ ಸಂಗತಿ

ಹೃದಯ ಸಾಗಿಸುವ ಹಳೆಯ ವಿಧಾನ ನಂಬಲಾರದಷ್ಟು ಸರಳ. ಮೆದುಳು ನಿಷ್ಕ್ರಿಯಗೊಂಡ ದಾನಿಯ ಎದೆಯಲ್ಲಿ ಹೃದಯ ಇನ್ನೂ ಬಡಿಯುತ್ತಿರುತ್ತದೆ. ವೈದ್ಯರು ಮಹಾಪಧಮನಿಗೆ ಚಿಮುಟ ಹಾಕಿ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಹರಿಸುತ್ತಾರೆ. ಹೃದಯ ಸಡಿಲಗೊಂಡ ಸ್ಥಿತಿಯಲ್ಲಿ ನಿಲ್ಲುತ್ತದೆ. ಅದನ್ನು ಬಿಡಿಸಿ, ತಣ್ಣನೆಯ ದ್ರಾವಣ ತುಂಬಿದ ಚೀಲದಲ್ಲಿಟ್ಟು, ಆ ಚೀಲವನ್ನು ಇನ್ನೊಂದರಲ್ಲಿ, ಮತ್ತೊಂದರಲ್ಲಿ ಇಟ್ಟು, ಐಸ್ ತುಂಬಿದ ಪೆಟ್ಟಿಗೆಗೆ ಸೇರಿಸುತ್ತಾರೆ. ಮಂಜುಗಡ್ಡೆ ನೇರವಾಗಿ ತಾಗಿದರೆ ಮಾಂಸಖಂಡ ಹೆಪ್ಪುಗಟ್ಟಿ ಕೆಡುತ್ತದೆ, ಅದಕ್ಕೇ ಇಷ್ಟು ಪದರಗಳು.

ತಣ್ಣಗಾದ ಹೃದಯಕ್ಕೆ ಹಸಿವು ಕಡಿಮೆ. 37 ಡಿಗ್ರಿಯಲ್ಲಿ ಬೇಕಾಗುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು 4 ಡಿಗ್ರಿಯಲ್ಲಿ ಸಾಕು. ಆದರೆ ಆ ಒಂದು ಪಾಲಾದರೂ ಬೇಕೇ ಬೇಕು, ಮತ್ತು ಆಮ್ಲಜನಕವಿಲ್ಲದೆ ಅದು ಸಾಕಷ್ಟು ಹುಟ್ಟುವುದಿಲ್ಲ. ಜೀವಕೋಶಗಳು ಕೂಡಿಟ್ಟದ್ದನ್ನು ತಿನ್ನುತ್ತಾ ಹೋಗುತ್ತವೆ, ಆಮ್ಲ ತುಂಬಿಕೊಳ್ಳುತ್ತದೆ. ಆಮ್ಲವನ್ನು ಹೊರಹಾಕುವ ಪ್ರಯತ್ನದಲ್ಲಿ ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆಯೇ ಕ್ಯಾಲ್ಸಿಯಂ. ಕೊನೆಗೆ ಹೊಸ ದೇಹದಲ್ಲಿ ರಕ್ತ ಮತ್ತೆ ಹರಿದಾಗ ಆ ಕ್ಯಾಲ್ಸಿಯಂ ಹೊರೆಯೇ ಹೃದಯವನ್ನು ಸೆಟೆಸಿಬಿಡಬಹುದು. ಹಸಿವಿನಷ್ಟೇ ಅಪಾಯ ಹಸಿವಿನ ನಂತರದ ಮೊದಲ ತುತ್ತಿನಲ್ಲಿಯೂ ಇದೆ. ಈ ಕಾರಣದಿಂದಲೇ ನಾಲ್ಕು ಗಂಟೆ ಎಂಬ ಗಡುವು ಬಂದಿದೆ. ನಾಲ್ಕು ಗಂಟೆ ಮುಗಿದ ಕ್ಷಣವೇ ಹೃದಯ ಸಾಯುತ್ತದೆ ಎಂದಲ್ಲ. ಅಲ್ಲಿಂದಾಚೆ ಪ್ರತಿ ನಿಮಿಷಕ್ಕೂ ತೆರಬೇಕಾದ ಬೆಲೆ ಏರುತ್ತಾ ಹೋಗುತ್ತದೆ.

ಈ ಗಡುವಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಐಸ್ ಪೆಟ್ಟಿಗೆಯ ಇನ್ನೊಂದು ಕೊರತೆಯ ಬಗ್ಗೆ ಮಾತು ಕಡಿಮೆ, ಮತ್ತು ನನ್ನ ಮಟ್ಟಿಗೆ ಅದೇ ದೊಡ್ಡದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುತ್ತಾರೆ. ಬಿರುಕಿದ್ದರೆ ಸದ್ದೇ ಹೇಳುತ್ತದೆ. ಐಸ್‌ನಲ್ಲಿಟ್ಟ ಹೃದಯವನ್ನು ಬಡಿದು ನೋಡಲು ದಾರಿಯಿಲ್ಲ. ಅದು ಬಡಿಯುವುದಿಲ್ಲ, ಉಣ್ಣುವುದಿಲ್ಲ, ಯಾವ ಸುಳಿವನ್ನೂ ಕೊಡುವುದಿಲ್ಲ. ಪೆಟ್ಟಿಗೆ ತಲುಪುವ ವೇಳೆಗೆ ಕಸಿ ಪಡೆಯುವವರ ಹಳೆಯ ಹೃದಯ ಹೊರಬಂದಿರುತ್ತದೆ ಅಥವಾ ಹೊರಬರುವ ಹಂತದಲ್ಲಿರುತ್ತದೆ. ಹೊಸದು ಕೆಲಸ ಮಾಡುತ್ತದೆಯೇ ಎಂಬುದು ತಿಳಿಯುವುದು ಹೊಲಿಗೆ ಮುಗಿದು ರಕ್ತ ಬಿಟ್ಟ ಮೇಲೆ. ಮೆದುಳು ನಿಷ್ಕ್ರಿಯಗೊಂಡ ದಾನಿಯ ವಿಷಯದಲ್ಲಿ ಇದು ನಡೆಯುತ್ತದೆ, ಏಕೆಂದರೆ ಆ ಹೃದಯ ಕೊನೆಯ ಕ್ಷಣದವರೆಗೆ ಕಣ್ಣೆದುರು ಬಡಿಯುತ್ತಿತ್ತು. ಎಕೋ ತೆಗೆದು ನೋಡಿದ್ದಾಗಿದೆ, ಕೈಯಿಂದ ಮುಟ್ಟಿ ನೋಡಿದ್ದಾಗಿದೆ.

ಎರಡನೆಯ ಬಗೆಯ ದಾನಿ

ಎಲ್ಲರ ಸಾವೂ ಆ ದಾರಿಯಲ್ಲಿ ಬರುವುದಿಲ್ಲ. ತೀವ್ರ ನಿಗಾ ಘಟಕದಲ್ಲಿ ಮೆದುಳಿಗೆ ತಿರುಗಿ ಬಾರದ ಹಾನಿಯಾಗಿರುತ್ತದೆ, ಆದರೆ ಉಸಿರಾಟವನ್ನು ನಡೆಸುವ ಮೆದುಳುಕಾಂಡ ಪೂರ್ತಿ ನಿಷ್ಕ್ರಿಯವಾಗಿರುವುದಿಲ್ಲ. ಚಿಕಿತ್ಸೆಯಿಂದ ಇನ್ನು ಫಲವಿಲ್ಲ ಎಂದು ವೈದ್ಯರೂ ಮನೆಯವರೂ ಒಪ್ಪಿದ ಮೇಲೆ ವೆಂಟಿಲೇಟರ್ ತೆಗೆಯುತ್ತಾರೆ. ಉಸಿರು ಕುಂದುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಹೃದಯ ನಿಲ್ಲುತ್ತದೆ. ಇಂಥವರಿಂದ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳನ್ನು ಪಡೆಯುವುದು 2014ರ ಹೊತ್ತಿಗೆ ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. ಹೃದಯವನ್ನು ಮಾತ್ರ ದೇಹದ ಜತೆಯಲ್ಲಿಯೇ ಮಣ್ಣಿಗೆ ಕಳುಹಿಸಿಕೊಡುತ್ತಿದ್ದರು.

ಕಾರಣ ಸ್ಪಷ್ಟ. ಈ ಹೃದಯ ತಣ್ಣಗೆ ನಿಂತದ್ದಲ್ಲ, ಬಿಸಿಯಾಗಿರುವಾಗಲೇ ನಿಂತದ್ದು. ರಕ್ತದೊತ್ತಡ ಕುಸಿದ ಹೊತ್ತಿನಿಂದ, ಬಡಿತ ನಿಂತು, ಸಾವು ಖಚಿತವಾಗಿ, ಎದೆ ತೆರೆದು ತಣ್ಣನೆಯ ದ್ರಾವಣ ಹರಿಸುವ ತನಕ ಅದು ದೇಹದ ಶಾಖದಲ್ಲಿಯೇ ಉಪವಾಸವಿರುತ್ತದೆ. ವೈದ್ಯರು ಇದನ್ನು ‘ವಾರ್ಮ್ ಇಸ್ಕೀಮಿಯಾ’, ಅಂದರೆ ಬೆಚ್ಚಗಿರುವಾಗಲೇ ರಕ್ತ ಸಿಗದ ಅವಧಿ ಎನ್ನುತ್ತಾರೆ. ಐಸ್‌ನಲ್ಲಿ ಗಂಟೆಗಳಲ್ಲಿ ಅಳೆಯುವ ಹಾನಿಯನ್ನು ಇಲ್ಲಿ ನಿಮಿಷಗಳಲ್ಲಿ ಅಳೆಯಬೇಕು. ಅದಾದ ಮೇಲೆ ಹೃದಯವನ್ನು ಐಸ್‌ನಲ್ಲಿಟ್ಟು ನಾಲ್ಕು ಗಂಟೆ ಸಾಗಿಸುವುದೆಂದರೆ ಬಿರುಕು ಬಿಟ್ಟಿರಬಹುದಾದ ಮಡಕೆಯನ್ನು ಬಡಿದೂ ನೋಡದೆ ನೀರು ತುಂಬಲು ಒಯ್ದ ಹಾಗೆ. ಆ ಮಡಕೆಯ ಮೇಲೆ ಒಂದು ಜೀವ ನಿಂತಿದೆ.

ಹಾಗೆಂದು ನಿಂತ ಹೃದಯವನ್ನು ಯಾರೂ ಕಸಿ ಮಾಡಿಯೇ ಇರಲಿಲ್ಲ ಎನ್ನುವಂತಿಲ್ಲ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮಾಡಿದ ಜಗತ್ತಿನ ಮೊದಲ ಹೃದಯ ಕಸಿಯಲ್ಲೂ ದಾನಿಯ ವೆಂಟಿಲೇಟರ್ ನಿಲ್ಲಿಸಿ, ಹೃದಯ ನಿಂತ ಮೇಲೆಯೇ ತೆಗೆದದ್ದು. ಮೆದುಳಿನ ಸಾವಿನ ವ್ಯಾಖ್ಯಾನ ಆಗಿನ್ನೂ ಬಂದಿರಲಿಲ್ಲ. ಆದರೆ ಅಲ್ಲಿ ದಾನಿ ಒಂದು ಕೋಣೆಯಲ್ಲಿ, ರೋಗಿ ಪಕ್ಕದ ಕೋಣೆಯಲ್ಲಿ. ಸಾಗಣೆ ಎಂದರೆ ಕೆಲವು ಹೆಜ್ಜೆ. 2008ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು ನಿಂತ ಹೃದಯಗಳನ್ನು ಮೂರು ಎಳೆಯ ಮಕ್ಕಳಿಗೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ವಯಸ್ಕರ ಹೃದಯ, ಅದೂ ಬೇರೊಂದು ಆಸ್ಪತ್ರೆಯಿಂದ ತರಬೇಕಾದ ಹೃದಯ, ಆಗಲೂ ಎಟುಕದೆ ಉಳಿದಿತ್ತು.

ಹನ್ನೆರಡು ವರ್ಷದ ದ್ರಾವಣ

ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆ ಇರುವುದು ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್‌ನಲ್ಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಹೃದಯ ಕಸಿ ಕಾರ್ಯಕ್ರಮ 1984ರಲ್ಲಿ ಇಲ್ಲಿಯೇ, ಶಾಂಘೈನಲ್ಲಿ ಹುಟ್ಟಿ ಸಿಡ್ನಿಯಲ್ಲಿ ನೆಲೆಸಿದ್ದ ಶಸ್ತ್ರಚಿಕಿತ್ಸಕ ವಿಕ್ಟರ್ ಚಾಂಗ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1991ರಲ್ಲಿ ಅವರ ಕೊಲೆಯಾಯಿತು. ಅವರ ಹೆಸರಿನ ಸಂಶೋಧನಾ ಸಂಸ್ಥೆ ಆಸ್ಪತ್ರೆಯ ಪಕ್ಕದಲ್ಲೇ ಇದೆ. ಈ ನೆರೆಹೊರೆಯೇ ನಮ್ಮ ಪ್ರಕರಣದ ಬೇರು. ಒಂದು ಕಟ್ಟಡದಲ್ಲಿ ಪ್ರಯೋಗಾಲಯ, ಇನ್ನೊಂದರಲ್ಲಿ ಹೃದಯಕ್ಕಾಗಿ ಕಾಯುತ್ತಾ ಮಲಗಿದ ರೋಗಿಗಳು. ಎರಡೂ ಕಡೆ ಓಡಾಡುತ್ತಿದ್ದ ವೈದ್ಯ ಪೀಟರ್ ಮ್ಯಾಕ್‌ಡೊನಾಲ್ಡ್.

ಅವರ ತಂಡ ಸುಮಾರು ಹನ್ನೆರಡು ವರ್ಷ ದುಡಿದದ್ದು ಒಂದು ದ್ರಾವಣದ ಮೇಲೆ. ಪೇಟೆಯಲ್ಲಿ ಸಿಗುವ ಸೆಲ್ಸಿಯರ್ ಎಂಬ ಸಂರಕ್ಷಣಾ ದ್ರಾವಣವನ್ನು ತಳಹದಿಯಾಗಿಟ್ಟುಕೊಂಡು, ಅದಕ್ಕೆ ಬೇರೆ ಬೇರೆ ಔಷಧಿಗಳನ್ನು ಬೆರೆಸಿ, ಮೊದಲು ಇಲಿಯ ಹೃದಯಗಳಲ್ಲಿ, ಆಮೇಲೆ ಹಂದಿಯ ಹೃದಯಗಳಲ್ಲಿ ಪರೀಕ್ಷಿಸಿದರು. ಕೊನೆಗೆ ಮನುಷ್ಯರ ಹೃದಯಕ್ಕೆ ಬಳಸಿದ ಮಿಶ್ರಣದಲ್ಲಿದ್ದ ಎರಡು ಮುಖ್ಯ ಔಷಧಿಗಳನ್ನು ಕೇಳಿದರೆ ಆಸ್ಪತ್ರೆಯ ಓಡಾಟವಿರುವ ಯಾರಿಗಾದರೂ ಅಚ್ಚರಿಯಾದೀತು. ಒಂದು ಎರಿತ್ರೋಪೊಯೆಟಿನ್, ಮೂತ್ರಪಿಂಡ ಕೆಟ್ಟವರಿಗೆ ರಕ್ತ ಹೆಚ್ಚಿಸಲು ಕೊಡುವ ಚುಚ್ಚುಮದ್ದು. ಇನ್ನೊಂದು ಗ್ಲಿಸರಿಲ್ ಟ್ರೈನೈಟ್ರೇಟ್, ಎದೆನೋವು ಬಂದಾಗ ನಾಲಿಗೆಯ ಕೆಳಗಿಟ್ಟುಕೊಳ್ಳುವ ಮಾತ್ರೆಯ ಮದ್ದು. ಹಳೆಯ ಮದ್ದುಗಳೇ. ಉಪವಾಸದ ಪೆಟ್ಟನ್ನೂ, ಮತ್ತೆ ರಕ್ತ ಸಿಕ್ಕಾಗಿನ ಪೆಟ್ಟನ್ನೂ ತಾಳಿಕೊಳ್ಳುವಂತೆ ಜೀವಕೋಶಗಳನ್ನು ಮೊದಲೇ ಅಣಿಗೊಳಿಸುವುದು ಅವುಗಳ ಕೆಲಸ.

ಈ ಹೃದಯಗಳನ್ನು ಸಾಗಿಸಿದ್ದು ಐಸ್ ಪೆಟ್ಟಿಗೆಯಲ್ಲಲ್ಲ, ರಕ್ತ ಹರಿಸಿ ಹೃದಯ ಬಡಿಯುವಂತೆ ಇಡುವ ಯಂತ್ರದ ಪೆಟ್ಟಿಗೆಯಲ್ಲಿ. ಪತ್ರಿಕೆಗಳು ಆ ಪೆಟ್ಟಿಗೆಯಲ್ಲಿ ಬಡಿಯುವ ಹೃದಯದ ಚಿತ್ರವನ್ನು ಹಾಕಿದವು, ದ್ರಾವಣದ ಚಿತ್ರ ಹಾಕಲಿಲ್ಲ. ಹಾಕಿದರೂ ಒಂದು ಸೀಸೆ ನೀರು ಕಂಡೀತು, ಅಷ್ಟೇ. ಆದರೆ ನಿಂತ ಹೃದಯವನ್ನು ಹೊರತೆಗೆಯುವ ಮೊದಲು ಅದರ ನಾಳಗಳಿಗೆ ಹರಿಯುವುದು ಈ ದ್ರಾವಣವೇ. ಅದು ತನ್ನ ಕೆಲಸ ಮಾಡದಿದ್ದರೆ ಪೆಟ್ಟಿಗೆಯಲ್ಲಿ ಬಡಿಯಲು ಏನೂ ಉಳಿದಿರುತ್ತಿರಲಿಲ್ಲ.

ಪೆಟ್ಟಿಗೆಯನ್ನು ಮಾಡಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಟ್ರಾನ್ಸ್‌ಮೆಡಿಕ್ಸ್ ಕಂಪನಿ. ಚಕ್ರಗಳಿರುವ ಗಾಡಿ, ಅದರ ಮೇಲೆ ಪಂಪು, ಆಮ್ಲಜನಕ ಬೆರೆಸುವ ಸಾಧನ, ರಕ್ತ ಬಿಸಿ ಮಾಡುವ ಸಾಧನ, ಇವುಗಳ ನಡುವೆ ಪಾರದರ್ಶಕ ಗೂಡು. ಹೃದಯ ಆ ಗೂಡಿನಲ್ಲಿ ತೂಗುತ್ತದೆ. ದಾನಿಯಿಂದಲೇ ತೆಗೆದ ಸುಮಾರು ಒಂದೂಕಾಲು ಲೀಟರ್ ರಕ್ತ ಅದರ ನಾಳಗಳಲ್ಲಿ ಸುತ್ತುತ್ತದೆ. ಶಾಖ ಸುಮಾರು 34 ಡಿಗ್ರಿ. ಈ ಯಂತ್ರವನ್ನು ರೂಪಿಸಿದ್ದು ಮೆದುಳು ನಿಷ್ಕ್ರಿಯಗೊಂಡ ದಾನಿಗಳ ಹೃದಯಗಳನ್ನು ಐಸ್ ಇಲ್ಲದೆ ಸಾಗಿಸಲು. ಸಿಡ್ನಿಯವರು ಅದರಲ್ಲಿ ಇನ್ನೊಂದು ಉಪಯೋಗವನ್ನು ಕಂಡರು. ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿ, ಅದು ಬಾಳುತ್ತದೆಯೇ ಎಂದು ಕಸಿಗೆ ಮೊದಲೇ ಕೇಳಬಹುದಲ್ಲ!

ಅರ್ಧ ಗಂಟೆ

ಮೊದಲ ಮೂವರಿಗಾಗಿ ಅವರು ಹಾಕಿಕೊಂಡ ಗಡಿಗಳು ಬಿಗಿಯಾಗಿದ್ದವು. ದಾನಿಯ ವಯಸ್ಸು 40ಕ್ಕಿಂತ ಕಡಿಮೆ ಇರಬೇಕು. ಬೆಚ್ಚಗಿನ ಉಪವಾಸ 30 ನಿಮಿಷ ಮೀರಬಾರದು. ಕಸಿ ಪಡೆಯುವವರ ಶ್ವಾಸಕೋಶದ ರಕ್ತನಾಳಗಳಲ್ಲಿ ಪ್ರತಿರೋಧ ಹೆಚ್ಚಿರಬಾರದು, ಏಕೆಂದರೆ ಹೊಸ ಹೃದಯದ ಬಲಭಾಗ ಮೊದಲ ದಿನವೇ ಗೋಡೆಗೆ ಎದೆಕೊಟ್ಟು ತಳ್ಳುವಂತಾಗಬಾರದು. ಅವರಿಗೆ ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿರಬಾರದು. ಒಮ್ಮೆ ತೆರೆದ ಎದೆಯೊಳಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಬಿಡಿಸಲು ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳಲಾಗುವುದಿಲ್ಲ. ಹೊಸ ದಾರಿಯಲ್ಲಿ ಮೊದಲ ಸಲ ನಡೆಯುವಾಗ ಕಾಲಿಗೆ ತೊಡರುವ ಬೇರೆಲ್ಲ ಬಳ್ಳಿಗಳನ್ನೂ ಅವರು ಸವರಿಕೊಂಡರು. ನನಗೆ ಈ ಎಚ್ಚರ ಧೈರ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ನಡೆಯುವ ಬಗೆ. ವೆಂಟಿಲೇಟರ್ ತೆಗೆಯುವ ನಿರ್ಧಾರ ನಿಗಾ ಘಟಕದ ವೈದ್ಯರದ್ದು ಮತ್ತು ಮನೆಯವರದ್ದು. ಕಸಿ ತಂಡಕ್ಕೆ ಆ ನಿರ್ಧಾರದಲ್ಲಿ ಪಾತ್ರವಿಲ್ಲ, ಸಾವನ್ನು ಘೋಷಿಸುವುದರಲ್ಲಿಯೂ ಇಲ್ಲ. ಅವರು ಬೇರೊಂದು ಕೋಣೆಯಲ್ಲಿ ಉಪಕರಣ ಜೋಡಿಸಿಕೊಂಡು ಕಾಯುತ್ತಾರೆ. ವೆಂಟಿಲೇಟರ್ ತೆಗೆದ ಮೇಲೆ ಮನೆಯವರು ಹಾಸಿಗೆಯ ಬಳಿ ಇರುತ್ತಾರೆ. ಕೆಲವರಲ್ಲಿ ಹೃದಯ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ, ಕೆಲವರಲ್ಲಿ ಗಂಟೆಗಳೇ ಹಿಡಿಯುತ್ತವೆ. ತುಂಬಾ ಹೊತ್ತು ಹಿಡಿದರೆ ಹೃದಯ ಕಸಿಗೆ ಒದಗುವುದಿಲ್ಲ. ತಂಡ ಉಪಕರಣಗಳನ್ನು ಮಡಿಚಿ ಹಿಂದಿರುಗುತ್ತದೆ. ಹಾಗೆ ಬರಿಗೈಯಲ್ಲಿ ಮರಳುವುದು ಈ ಕೆಲಸದಲ್ಲಿ ಅಪರೂಪವಲ್ಲ. ದಾನಕ್ಕೆ ಒಪ್ಪಿದ ಮನೆಯವರಿಗೂ ಅದು ಇನ್ನೊಂದು ನೋವು.

ಹೃದಯ ನಿಂತ ಮೇಲೂ ತಕ್ಷಣ ಕೈ ಹಾಕುವಂತಿಲ್ಲ. ರಕ್ತ ಸಂಚಾರ ತಾನಾಗಿ ಮರಳುವುದಿಲ್ಲ ಎಂದು ಖಚಿತವಾಗಲು ಆಸ್ಟ್ರೇಲಿಯಾದ ಆಗಿನ ನಿಯಮದಂತೆ ಕನಿಷ್ಠ 2, ಹೆಚ್ಚೆಂದರೆ 5 ನಿಮಿಷ ಕಾಯಬೇಕಿತ್ತು. ಒಂದೊಂದು ನಿಮಿಷವೂ ಹೃದಯವನ್ನು ಸವೆಸುತ್ತಿದೆ ಎಂದು ಗೊತ್ತಿದ್ದವರು ಕೈಕಟ್ಟಿ ನಿಲ್ಲುವ ನಿಮಿಷಗಳವು. ಅವನ್ನು ಕಡಿಮೆ ಮಾಡಿ ಎಂದು ಯಾವ ಶಸ್ತ್ರಚಿಕಿತ್ಸಕರೂ ಕೇಳುವಂತಿಲ್ಲ, ಕೇಳಬಾರದು. ಮೃತರ ಮನೆಯವರು ಇಟ್ಟ ನಂಬಿಕೆ ಆ ನಿಮಿಷಗಳಲ್ಲಿದೆ.

ಆಮೇಲೆ ಎಲ್ಲವೂ ಓಟ. ಎದೆ ತೆರೆದು, ಬಲ ಹೃತ್ಕರ್ಣದಿಂದ ರಕ್ತವನ್ನು ಚೀಲಕ್ಕೆ ಇಳಿಸಿಕೊಳ್ಳುತ್ತಾರೆ. ಪೆಟ್ಟಿಗೆಯೊಳಗೆ ಹೃದಯವನ್ನು ಸಾಕುವುದು ಈ ರಕ್ತವೇ. ಮಹಾಪಧಮನಿಗೆ ಚಿಮುಟ, ಆ ಹನ್ನೆರಡು ವರ್ಷದ ದ್ರಾವಣ ಒಳಗೆ. ಬೆಚ್ಚಗಿನ ಉಪವಾಸದ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ. ಮೊದಲ ಮೂರು ಹೃದಯಗಳಲ್ಲಿ ಆ ಗಡಿಯಾರ ತೋರಿಸಿದ್ದು 28, 25 ಮತ್ತು 22 ನಿಮಿಷ. ಮೂರೂ ಗಡಿಯೊಳಗೆ. ಮೊದಲನೆಯದಕ್ಕೆ ಉಳಿದಿದ್ದದ್ದು ಎರಡೇ ನಿಮಿಷ.

ಹೃದಯವನ್ನು ಬಿಡಿಸಿ ಪೆಟ್ಟಿಗೆಯ ಗೂಡಿಗೆ ಜೋಡಿಸಿ, ಬೆಚ್ಚಗಿನ ರಕ್ತ ಬಿಡುತ್ತಾರೆ. ಬಡಿತ ತಾನಾಗಿ ಬರಬಹುದು. ಅಡ್ಡಾದಿಡ್ಡಿ ಕಂಪಿಸಿದರೆ ಸಣ್ಣದೊಂದು ವಿದ್ಯುತ್ ಆಘಾತ ಕೊಡುತ್ತಾರೆ. ಸತ್ತವರ ಎದೆಯಲ್ಲಿ ನಿಂತದ್ದು ಗಾಜಿನಂಥ ಗೂಡಿನಲ್ಲಿ ಮತ್ತೆ ಬಡಿಯತೊಡಗುತ್ತದೆ. ಶಸ್ತ್ರಚಿಕಿತ್ಸಕ ಕುಮುದ್ ಧಿತಾಲ್ ಮತ್ತು ಸಂಗಡಿಗರು ಆ ಗೂಡಿನೊಳಗೆ ನೋಡಿದ ಮೊದಲ ಕ್ಷಣವನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಹೃದಯ ಕೊಟ್ಟ ಉತ್ತರ

ಬಡಿತ ಬಂದ ಮಾತ್ರಕ್ಕೆ ಹೃದಯ ಗಟ್ಟಿ ಎನ್ನುವಂತಿಲ್ಲ. ಪೆಟ್ಟಿಗೆಯಲ್ಲಿ ಅದು ಹೊರೆ ಹೊರುತ್ತಿರುವುದಿಲ್ಲ. ರಕ್ತ ಮಹಾಪಧಮನಿಯ ಮೂಲಕ ಹೃದಯದ ಸ್ವಂತ ನಾಳಗಳಿಗೆ ಹೋಗಿ ಹಿಂದಿರುಗುತ್ತದೆ. ದೇಹಕ್ಕೆ ರಕ್ತ ತಳ್ಳುವ ಕೆಲಸ ಅಲ್ಲಿಲ್ಲ. ಗಾಡಿಯಿಂದ ಬಿಚ್ಚಿದ ಎತ್ತು ನಿಂತಲ್ಲೇ ಕಾಲು ಕದಲಿಸಿದ ಹಾಗೆ. ಹಾಗಿದ್ದರೆ ಏನನ್ನು ನೋಡಿ ಒಪ್ಪುವುದು?

ಅವರು ನೋಡಿದ್ದು ಲ್ಯಾಕ್ಟೇಟ್. ಆಮ್ಲಜನಕವಿಲ್ಲದೆ ದುಡಿದ ಮಾಂಸಖಂಡ ಇದನ್ನು ಹೊರಬಿಡುತ್ತದೆ. ಆದರೆ ಆರೋಗ್ಯವಂತ ಹೃದಯಕ್ಕೆ ಲ್ಯಾಕ್ಟೇಟ್ ಆಹಾರವೂ ಹೌದು. ಅದು ಹರಿದು ಬಂದ ಲ್ಯಾಕ್ಟೇಟನ್ನು ತಿನ್ನುತ್ತದೆ. ಆದ್ದರಿಂದ ಹೃದಯದೊಳಗೆ ಹೋಗುವ ರಕ್ತದಲ್ಲಿ ಎಷ್ಟಿದೆ, ಹೊರಬರುವ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಅಳೆದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಹೊರಬರುವುದು ಕಡಿಮೆಯಾಗಿದ್ದರೆ, ಒಟ್ಟು ಮಟ್ಟ ಗಂಟೆಯಿಂದ ಗಂಟೆಗೆ ಇಳಿಯುತ್ತಿದ್ದರೆ, ಹೃದಯ ಊಟ ಮಾಡುತ್ತಿದೆ ಎಂದರ್ಥ.

2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಂಡ ಪ್ರಕಟಿಸಿದ ಅಂಕಿಗಳನ್ನು ಸಾಲಾಗಿ ಓದಿದರೆ ಮೂರು ಹೃದಯಗಳ ಕಥೆ ತೆರೆದುಕೊಳ್ಳುತ್ತದೆ. ಆರಂಭದಲ್ಲಿ ಮೊದಲ ಹೃದಯದ ಒಳಹರಿವಿನ ಲ್ಯಾಕ್ಟೇಟ್ ಲೀಟರಿಗೆ 8.3, ಹೊರಹರಿವಿನದು 8.1 ಮಿಲಿಮೋಲ್. ಎರಡನೆಯದಕ್ಕೆ 6.79 ಮತ್ತು 6.48. ಮೂರನೆಯದಕ್ಕೆ 7.6 ಮತ್ತು 7.4. ಮೂರರಲ್ಲೂ ಮಟ್ಟ ಜಾಸ್ತಿ, ಅರ್ಧ ಗಂಟೆಯ ಉಪವಾಸದ ಗುರುತು. ಕೊನೆಯಲ್ಲಿ ಎರಡನೆಯದು 2.8 ಮತ್ತು 2.3ಕ್ಕೆ ಇಳಿಯಿತು, ಮೂರನೆಯದು 2.69 ಮತ್ತು 2.54ಕ್ಕೆ. ಮೊದಲನೆಯದು? 3.6 ಮತ್ತು 3.6.

ಈ ಕೊನೆಯ ಜೋಡಿಯ ಮೇಲೆ ನನ್ನ ಕಣ್ಣು ನಿಂತುಬಿಡುತ್ತದೆ. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಸಮ. ಹೃದಯ ಹೌದು ಎಂದೂ ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ. ಜಗತ್ತಿನಲ್ಲಿ ಯಾರೂ ಮಾಡದಿದ್ದ ಕೆಲಸ, ಅದರ ಮೊದಲ ರೋಗಿ, ಉತ್ತರ ಮಾತ್ರ ಅರ್ಧ. ಆದರೆ 8.3ರಿಂದ 3.6ಕ್ಕೆ ಇಳಿದ ಆ ಇಳಿಜಾರು ಅವರ ಬಳಿ ಇತ್ತು, ಗೂಡಿನಲ್ಲಿ ಹೃದಯ ಕುಗ್ಗಿ ಹಿಗ್ಗುವ ರೀತಿ ಕಣ್ಣೆದುರು ಇತ್ತು, ಪ್ರಯೋಗಾಲಯದ ಹಂದಿಗಳ ಅನುಭವ ಬೆನ್ನಿಗಿತ್ತು. ಒಂದೇ ಒಂದು ಅಳತೆಯ ಮೇಲೆ ಅಲ್ಲ, ನಾಲ್ಕು ಗಂಟೆ ಕಾಲ ಬದಲಾಗುತ್ತಾ ಬಂದ ಅಳತೆಗಳ ಮೇಲೆ ಅವರು ತೀರ್ಮಾನಿಸಿದರು. ಐಸ್ ಪೆಟ್ಟಿಗೆ ಕೊಡಲಾರದ್ದು ಇದೇ: ಕಾಲದ ಜತೆ ಹೃದಯ ಯಾವ ಕಡೆಗೆ ಸಾಗುತ್ತಿದೆ ಎಂಬ ಸುಳಿವು.

ಪೆಟ್ಟಿಗೆಯಲ್ಲಿ ಆ ಹೃದಯಗಳು ಕಳೆದದ್ದು 257, 260 ಮತ್ತು 245 ನಿಮಿಷ. ಮೂರೂ ನಾಲ್ಕು ಗಂಟೆಯ ಆಚೆ. ಐಸ್‌ನಲ್ಲಿದ್ದಿದ್ದರೆ ಗಡುವು ಅಲ್ಲೇ ಮುಗಿದಿರುತ್ತಿತ್ತು, ಅದೂ ಗಟ್ಟಿಮುಟ್ಟಾದ ಹೃದಯಗಳಿಗೆ. ಬಿಸಿಯಲ್ಲಿ ಅರ್ಧ ಗಂಟೆ ನಲುಗಿದ್ದ ಇವು ಆ ನಾಲ್ಕು ಗಂಟೆಯಲ್ಲಿ ಸವೆಯುವ ಬದಲು ಚೇತರಿಸಿಕೊಂಡವು. ಸಾಗಣೆಯ ಸಮಯವೇ ಚಿಕಿತ್ಸೆಯ ಸಮಯವಾಯಿತು.

ಮೊದಲ ರೋಗಿ 57 ವರ್ಷದ ಮಹಿಳೆ. ಮೂವರಲ್ಲಿ ಇಬ್ಬರಿಗೆ ಕಸಿಯಾದ ಮೇಲೆ ಹೃದಯಕ್ಕೆ ತಾತ್ಕಾಲಿಕ ಯಂತ್ರದ ಆಸರೆ ಬೇಕಾಯಿತು. ಇದನ್ನು ಮರೆಮಾಚಬೇಕಿಲ್ಲ. ಹೊರೆಯಿಲ್ಲದೆ ಚೆನ್ನಾಗಿ ಬಡಿದ ಹೃದಯ, ಹೊರೆ ಹೆಗಲಿಗೆ ಬಿದ್ದಾಗ ಕೆಲವು ದಿನ ತಡವರಿಸಿತು. ಲ್ಯಾಕ್ಟೇಟ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಸಾಕ್ಷಿ ಇದೇ ವರದಿಯಲ್ಲಿದೆ. ಒಂದು ವಾರದೊಳಗೆ ಮೂವರ ಹೃದಯವೂ ಸಹಜವಾಗಿ ಕೆಲಸ ಮಾಡತೊಡಗಿತು. ವರದಿ ಬರೆಯುವ ಹೊತ್ತಿಗೆ ಕಸಿಯಾಗಿ 176, 91 ಮತ್ತು 77 ದಿನಗಳಾಗಿದ್ದವು, ಮೂವರೂ ಚೇತರಿಸಿಕೊಳ್ಳುತ್ತಿದ್ದರು.

ಆನಂತರ

ಮೂವರು ರೋಗಿಗಳಿಂದ ಯಾವ ನಿಯಮವೂ ಸಿದ್ಧವಾಗುವುದಿಲ್ಲ. ಆದರೆ ಬಾಗಿಲು ತೆರೆಯಿತು. 2015ರಲ್ಲಿ ಇಂಗ್ಲೆಂಡಿನ ಪ್ಯಾಪ್‌ವರ್ತ್ ಆಸ್ಪತ್ರೆ ತನ್ನದೇ ದಾರಿ ಹಿಡಿಯಿತು. ಅವರು ಮೊದಲು ದಾನಿಯ ದೇಹದೊಳಗೇ ಹೃದಯಕ್ಕೆ ರಕ್ತ ಹರಿಸಿ, ಬಡಿತ ಬಂದ ಮೇಲೆ ಪರೀಕ್ಷಿಸಿದರು. ಮೆದುಳಿಗೆ ಹೋಗುವ ನಾಳಗಳನ್ನು ಮೊದಲೇ ಮುಚ್ಚಿದರೂ, ಸಾವು ಘೋಷಿಸಿದ ದೇಹದಲ್ಲಿ ರಕ್ತ ಮತ್ತೆ ಹರಿಸುವುದು ಸರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ನಿಂತ ಹೃದಯದ ವಯಸ್ಕ ಕಸಿ 2019ರ ಡಿಸೆಂಬರ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಆಮೇಲೆ 180 ಕಸಿಗಳನ್ನು ಹೋಲಿಸಿ ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಬದುಕಿದ್ದವರ ಪ್ರಮಾಣ ನಿಂತ ಹೃದಯ ಪಡೆದವರಲ್ಲಿ ಶೇ 94, ಹಳೆಯ ಬಗೆಯ ದಾನಿಗಳ ಹೃದಯ ಪಡೆದವರಲ್ಲಿ ಶೇ 90. ಕಡಿಮೆ ಬೀಳುತ್ತದೆಂಬ ಭಯಕ್ಕೆ ಆಧಾರ ಸಿಗಲಿಲ್ಲ.

ಅಷ್ಟರಲ್ಲಿ ತಣ್ಣನೆಯ ದಾರಿಯೂ ಸುಮ್ಮನಿರಲಿಲ್ಲ. ಫ್ರೆಂಚ್ ವೆಸ್ಟ್ ಇಂಡೀಸ್‌ನ ದಾನಿಯ ಹೃದಯವೊಂದು, ಸುಮಾರು 8 ಡಿಗ್ರಿಯಲ್ಲಿ ಆಮ್ಲಜನಕವಿರುವ ದ್ರಾವಣ ಹರಿಸುವ ಪೆಟ್ಟಿಗೆಯಲ್ಲಿ, ಬಡಿಯದೆ, ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಪ್ಯಾರಿಸ್ ಸೇರಿತು. ಸಂರಕ್ಷಣೆಯ ಒಟ್ಟು ಅವಧಿ 12 ಗಂಟೆ. 2025ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್‌ನ ವೈದ್ಯರು ಇನ್ನೂ ಮುಂದೆ ಹೋದರು: ನಿಂತ ಹೃದಯವನ್ನು ಮತ್ತೆ ಬಡಿಸದೆಯೇ, ವಿಶೇಷ ತಣ್ಣನೆಯ ದ್ರಾವಣ ಹರಿಸಿ ಒಯ್ದು ಕಸಿ ಮಾಡಿದರು. ಕೇಳಿ ನೋಡದೆಯೇ ನಂಬುವುದು ಅದು. ನಾನು ಇಲ್ಲಿಯವರೆಗೆ ವಾದಿಸಿದ್ದಕ್ಕೆ ಇದು ನೇರ ಸವಾಲು, ಒಪ್ಪಿಕೊಳ್ಳುತ್ತೇನೆ. ಆದರೂ ನಿಂತ ಹೃದಯ ಎಷ್ಟು ನಿಮಿಷ ತಾಳುತ್ತದೆ ಎಂಬ ಅಂದಾಜು ವೈದ್ಯಲೋಕಕ್ಕೆ ಸಿಕ್ಕಿದ್ದು ಹತ್ತು ವರ್ಷ ಕಾಲ ಪೆಟ್ಟಿಗೆಗಳಲ್ಲಿ ಬಡಿದು ಉತ್ತರ ಕೊಟ್ಟ ಹೃದಯಗಳಿಂದಲೇ.

ನಮ್ಮಲ್ಲಿ ಹೃದಯ ದಾನ ಹೆಚ್ಚುಕಡಿಮೆ ಪೂರ್ತಿಯಾಗಿ ಮೆದುಳು ನಿಷ್ಕ್ರಿಯಗೊಂಡವರನ್ನು ಅವಲಂಬಿಸಿದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮೆದುಳುಕಾಂಡದ ಸಾವನ್ನೂ, ಹೃದಯ ಮತ್ತು ಉಸಿರು ನಿಂತ ಸಾವನ್ನೂ ಸಾವೆಂದೇ ಗುರುತಿಸುತ್ತದೆ. ಅಡ್ಡಿ ಅದಲ್ಲ. ಯಂತ್ರದ ಬೆಲೆ ಒಂದು ಅಡ್ಡಿ: ಒಂದೊಂದು ಹೃದಯಕ್ಕೂ ಹೊಸದಾಗಿ ಹಾಕಬೇಕಾದ ಭಾಗಗಳಿಗೇ ಹತ್ತಾರು ಸಾವಿರ ಡಾಲರ್. ಇನ್ನೊಂದು ಅಡ್ಡಿ, ವೆಂಟಿಲೇಟರ್ ತೆಗೆಯುವುದರ ಸುತ್ತ ಬಹುಕಾಲ ಇದ್ದ ಕಾನೂನಿನ ಮಸುಕು. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಅದರಂತೆ ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಮಂಡಳಿ, ಅದರ ಮೇಲೆ ಎರಡನೆಯ ಮಂಡಳಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಪ್ರತಿ.

ಈ ಆದೇಶಕ್ಕೂ ಅಂಗಾಂಗ ದಾನಕ್ಕೂ ಸಂಬಂಧವಿಲ್ಲ, ಮತ್ತು ಆ ಅಂತರವನ್ನು ಕಾಪಾಡಿಕೊಳ್ಳಬೇಕು. ನಿಂತ ಹೃದಯದ ದಾನ ಮುಂದೊಂದು ದಿನ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆರಂಭವಾಗುವುದಾದರೆ, ಸಿಡ್ನಿಯಿಂದ ಮೊದಲು ತರಬೇಕಾದದ್ದು ಪೆಟ್ಟಿಗೆಯಲ್ಲ. ವೆಂಟಿಲೇಟರ್ ತೆಗೆಯುವ ನಿರ್ಧಾರ ಪೂರ್ತಿಯಾಗಿ ಮುಗಿದು, ಸಹಿ ಬಿದ್ದ ಮೇಲೆಯೇ ದಾನದ ಮಾತು ಎತ್ತಬೇಕು. ಆ ಮಾತು ಎತ್ತುವವರು ಬೇರೆಯವರಾಗಿರಬೇಕು. ಹೃದಯಕ್ಕಾಗಿ ಬಂದ ತಂಡ ಬಾಗಿಲಿನಾಚೆ ಇರಬೇಕು. ಡಾರ್ಲಿಂಗ್‌ಹರ್ಸ್ಟ್‌ನಿಂದ ಹೊರಟ ತಂಡ ಹಾಗೆಯೇ, ಬೇರೊಂದು ಆಸ್ಪತ್ರೆಯ ಬೇರೊಂದು ಕೋಣೆಯಲ್ಲಿ, ಖಾಲಿ ಪೆಟ್ಟಿಗೆಯ ಪಕ್ಕ ಕಾಯುತ್ತಿತ್ತು. ಹಾಸಿಗೆಯ ಬಳಿ ಇದ್ದದ್ದು ಮನೆಯವರು.